ಬಾಗದ ಮೊಣಕಾಲು

ಫಕ್ಕೀರಪ್ಪ ಸತ್ತದ್ದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ. ಜಳಕ ಮಾಡಿ, ಹಣೆಗೆ ವಿಭೂತಿ ಎಳೆದುಕೊಂಡು, ಒಂದು ಬಟ್ಟಲು ಚಹಾ ಕುಡಿದು, ‘ಎದಿ ಯಾಕೋ ಹಿಡದಂಗಾತು’ ಎಂದವನು ಹೊರಸಿನ ಮೇಲೆ ಒರಗಿದ. ಹೆಂಡತಿ ದುಂಡವ್ವ ನೀರು ತರಲು ಒಳಗೆ ಹೋಗಿ ಬರುವುದರೊಳಗೆ ಎಲ್ಲ ಮುಗಿದಿತ್ತು. ಅರವತ್ತಕ್ಕೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಯಮನೂರಿನ ಮಂದಿ ಬಂದವರೆಲ್ಲ ‘ಪುಣ್ಯೇವಂತ, ತಾನೂ ನರಳಲಿಲ್ಲ, ಮಂದೀನೂ ನರಳಿಸಲಿಲ್ಲ’ ಎಂದರು. ಸಾವಿನ ಮನೆಯಲ್ಲಿ ಮಂದಿಗೆ ಇಂಥ ಮಾತು ಬಲು ಸಲೀಸಾಗಿ ಬರುತ್ತವೆ.

ದುಂಡವ್ವ ಅಳಲಿಲ್ಲ. ಹೊರಸಿನ ಕಾಲ್ದೆಸೆಯಲ್ಲಿ ನೆಲದ ಮೇಲೆ ಕೂತು, ಗಂಡನ ಬಲಗಾಲಿನ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಯಾರು ಏಳಿಸಿದರೂ ಏಳಲಿಲ್ಲ. ‘ಪಾಪ, ತಲಿ ಕೆಟ್ಟೈತಿ’ ಎಂದು ಹೆಂಗಸರು ಪಿಸುಗುಟ್ಟಿದರು. ತಲೆ ಕೆಟ್ಟಿರಲಿಲ್ಲ. ಆಕೆ ಕಾವಲು ಕೂತಿದ್ದಳು.

ಯಾಕೆ ಎಂಬುದನ್ನು ಹೇಳಲೇಬೇಕು. ಇವರು ಲಿಂಗವಂತರು. ಇವರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಕೊಡುವುದಿಲ್ಲ, ಕೂಡಿಸಿ ಕೊಡುತ್ತಾರೆ. ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಆನಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಬದುಕಿದ್ದಾಗ ಪೂಜೆಗೆ ಕೂತ ಹಾಗೆಯೇ ಗುಂಡಿಯೊಳಗೆ ಇಳಿಸುತ್ತಾರೆ. ಅದಕ್ಕೆ ಹೊತ್ತು ನೋಡಬೇಕಾಗುತ್ತದೆ. ಜೀವ ಹೋದ ಎರಡು-ಮೂರು ತಾಸಿನಲ್ಲಿ ಎಲ್ಲಕ್ಕಿಂತ ಮುಂಚೆ ದವಡೆ ಬಿಗಿಯುತ್ತದೆ, ಆಮೇಲೆ ಕುತ್ತಿಗೆ, ಆಮೇಲೆ ಮೊಣಕೈ, ಕಟ್ಟಕಡೆಗೆ ಮೊಣಕಾಲು. ಅಷ್ಟರೊಳಗೆ ಮಡಿಚಿ ಕೂಡಿಸಿದರೆ ಕೂತರು, ಇಲ್ಲದಿದ್ದರೆ ಕಟ್ಟಿಗೆ. ಇದನ್ನು ಊರಿನ ಹಿರಿಯರು ಯಾವ ಪುಸ್ತಕದಲ್ಲೂ ಓದಿಲ್ಲ, ಎಲ್ಲರಿಗೂ ಗೊತ್ತು. ಆದರೆ ಫಕ್ಕೀರಪ್ಪನ ಬಲ ಮೊಣಕಾಲು ಬದುಕಿದ್ದಾಗಲೇ ಹನ್ನೊಂದು ವರ್ಷದಿಂದ ಬಾಗಿರಲಿಲ್ಲ.

ಬಾಗದ ಕಾಲನ್ನು ಏನು ಮಾಡುತ್ತಾರೆಂಬುದು ಫಕ್ಕೀರಪ್ಪನಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಓಣಿಯ ಒಬ್ಬ ಮುದುಕ ಹೊಲದಲ್ಲೇ ಸತ್ತು, ಮರುದಿನ ಬೆಳಿಗ್ಗೆ ಸಿಕ್ಕ. ಸೆಟೆದು ಹೋಗಿದ್ದ. ಬಾಗಿಲು ಹಾಕಿಕೊಂಡು ಒಳಗೆ ಅದೇನು ಮಾಡಿದರೋ, ಅಂಗಳದಲ್ಲಿ ಕೋಲೂರಿ ನಿಂತಿದ್ದ ಫಕ್ಕೀರಪ್ಪನಿಗೆ ಸಪ್ಪಳ ಮಾತ್ರ ಕೇಳಿಸಿತು. ಮನೆಗೆ ಬಂದವನು ರೊಟ್ಟಿ ಮುಟ್ಟಲಿಲ್ಲ.

‘ನಾ ಸತ್ತರ ನನ್ನ ಕಾಲು ಮುರೀತಾರ’ ಎಂದ.

‘ಬಿಡ್ತು ಅನ್ರಿ, ಎಂಥಾ ಮಾತು!’ ಎಂದಳು ದುಂಡವ್ವ.

‘ಬಿಡ್ತು ಅಲ್ಲಲೇ, ಖರೇನ ಹೇಳಾಕತ್ತೇನಿ. ಸತ್ತವಗ ನೋವಿಲ್ಲ, ಒಪ್ಪತೇನಿ. ಆದ್ರ ನನಗ ಆ ಸಪ್ಪಳ ಬ್ಯಾಡ. ಮುರೀಗೊಡಬ್ಯಾಡ.’

‘ನನ್ನ ಹೆಣಾ ದಾಟಿ ಮುರೀಬೇಕು’ ಎಂದು ಆಕೆ ಮಾತು ಕೊಟ್ಟಿದ್ದಳು. ಕೊಟ್ಟ ಮಾತಿನ ಮೇಲೆ ಈಗ ಎರಡೂ ಕೈ ಇಟ್ಟು ಕೂತಿದ್ದಳು.

ಆ ಕಾಲು ಹಾಗಾದ ಕತೆಯಲ್ಲಿ ದುಂಡವ್ವನ ಪಾಲು ದೊಡ್ಡದು. ಹನ್ನೊಂದು ವರ್ಷದ ಹಿಂದೆ ಹೆಸರುಕಾಳಿನ ಸುಗ್ಗಿಯಲ್ಲಿ ಮಳೆ ಹಿಡಿದಿತ್ತು. ಚೀಲ ಹೊತ್ತು ಬರುವಾಗ ಎರೆಮಣ್ಣಿನಲ್ಲಿ ಕಾಲು ಜಾರಿ, ಫಕ್ಕೀರಪ್ಪ ಬಿದ್ದು, ಮೊಣಕಾಲ ಚಿಪ್ಪು ಸೀಳಿತು. ನವಲಗುಂದದ ದವಾಖಾನೆಗೆ ಒಯ್ಯುವ ಮೊದಲು ಎಲ್ಲರೂ ಒಯ್ಯುವುದು ಇಸ್ಮಾಯಿಲಸಾಬರ ಮನೆಗೆ. ಸಾಬರು ಎಲುಬು ಕೂಡಿಸುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವರು. ಕಣ್ಣು ಮುಚ್ಚಿಕೊಂಡು ಬೆರಳಿನಿಂದ ನೋಡುತ್ತಿದ್ದರು. ನೋಯುವ ಮನುಷ್ಯನ ಲಕ್ಷ್ಯ ಬೇರೆಡೆ ಎಳೆಯಲು ಮೈಯ ಕೀಲುಗಳ ಪುರಾಣ ಬಿಚ್ಚುವುದು ಅವರ ರೂಢಿ.

‘ನೋಡ್ ಫಕ್ಕೀರಪ್ಪ, ಅಲ್ಲಾ ಮನಿಯಾಗಿನ ಸಾಮಾನ ನೋಡೇ ಮನಷ್ಯಾನ ಮಾಡ್ಯಾನ. ಟೊಂಕದ ಕೀಲು ಒಳ್ಳಾಗಿನ ಗುಂಡು ಇದ್ದಂಗ, ಹೆಂಗ ಬೇಕಾದ್ರೂ ಹೊಳ್ಳತೈತಿ. ಭುಜಾನೂ ಅದ. ಕುತ್ತಿಗಿ ಬೀಸೂಕಲ್ಲಿನ ಗೂಟ, ಕುಂತಲ್ಲೇ ತಿರಗತೈತಿ. ತಲಿಬುರುಡಿ ಕೌದಿ ಹೊಲದಂಗ, ಅದು ಅಳ್ಳಾಡಂಗಿಲ್ಲ, ಅಳ್ಳಾಡಬಾರದು. ಮೊಣಕಾಲು ಬಾಗಲದ ಬಿಜಾಗ್ರಿ. ಒಂದ ಕಡೆ ತೆರೀತೈತಿ, ಒಂದ ಕಡೆ ಮುಚ್ಚತೈತಿ. ಆದ್ರ ಭಾಳ ದಿನಾ ಮುಚ್ಚಿಟ್ರ ಜಂಗು ಹಿಡೀತೈತಿ, ಅದಕ ಇಪ್ಪತ್ತೊಂದ ದಿನಕ್ಕ ಬಿಚ್ಚಬೇಕು.’

ಉದ್ದಿನ ಹಿಟ್ಟು, ಕೋಳಿ ತತ್ತಿ ಕಲಸಿ ಹಚ್ಚಿ, ಬಿದಿರ ದಬ್ಬೆ ಇಟ್ಟು ಕಟ್ಟಿದರು. ಹುಟ್ಟಿದಾಗಿನಿಂದ ತತ್ತಿ ಮುಟ್ಟದ ದುಂಡವ್ವ ಮೂಗಿಗೆ ಸೆರಗು ಒತ್ತಿಕೊಂಡು ತಾನೇ ಆರು ತತ್ತಿ ಒಡೆದು ಕೊಟ್ಟಳು. ಗಂಡನಿಗಾಗಿ ಅದಕ್ಕಿಂತ ಹೆಚ್ಚಿನದನ್ನೂ ಮಾಡುವವಳೇ.

ಇಪ್ಪತ್ತೊಂದನೆಯ ದಿನ ಸಾಬರು ಕಟ್ಟು ಬಿಚ್ಚಿ, ಕಾಲನ್ನು ಎರಡು ಬೆರಳಿನಷ್ಟು ಬಾಗಿಸಿದರು. ಫಕ್ಕೀರಪ್ಪ ಚೀರಿದ ಚೀರಿಗೆ ಬಾಜು ಮನೆಯ ಮಂದಿ ಓಡಿ ಬಂದರು. ದುಂಡವ್ವ ಸಾಬರ ಕಾಲಿಗೆ ಬಿದ್ದಳು. ‘ಕಾಕಾ, ಇನ್ನೂ ಹಸಿ ಐತ್ರಿ. ಇನ್ನ ನಾಕ ದಿನಾ ಇರಲಿ. ನನ್ನಾಣಿ, ಕಟ್ರಿ’ ಎಂದು ಅತ್ತಳು. ಸಾಬರ ಕೈ ಗಟ್ಟಿ, ಮನಸ್ಸು ಮೆತ್ತಗೆ. ಮತ್ತೆ ಕಟ್ಟಿದರು. ಮುಂದಿನ ಸಲವೂ ಆತ ಚೀರಿದ, ಆಕೆ ಅತ್ತಳು, ಅವರು ಕಟ್ಟಿದರು. ಹೀಗೆ ಮೂರು ಸಲ. ಎಂಟು ದಿನ, ಹದಿನೈದು ದಿನ ಎನ್ನುತ್ತ ಎರಡೂವರೆ ತಿಂಗಳಾಯಿತು. ಕೊನೆಗೆ ಬಿಚ್ಚಿದಾಗ ಫಕ್ಕೀರಪ್ಪ ಚೀರಲಿಲ್ಲ. ಬಾಗಿದರಲ್ಲವೇ ಚೀರುವುದು? ಮೊಣಕಾಲು ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು.

ಹುಬ್ಬಳ್ಳಿಯ ಡಾಕ್ಟರರೊಬ್ಬರು ನೋಡಿ, ಅರಿವಳಿಕೆ ಕೊಟ್ಟು ಬಾಗಿಸೋಣ, ಎಚ್ಚರ ಇದ್ದವರನ್ನು ಬಾಗಿಸಲು ಬರುವುದಿಲ್ಲ ಎಂದರು. ಫಕ್ಕೀರಪ್ಪ ಹೂಂ ಅನ್ನುವವನಿದ್ದ. ದುಂಡವ್ವನಿಗೆ ಅರಿವಳಿಕೆ ಎಂದ ಕೂಡಲೇ ಎದೆ ಧಸಕ್ಕೆಂದಿತು. ಮಲಗಿಸಿದವರು ಏಳದಿದ್ದರೆ? ಬಾಗಿಸಲು ಹೋಗಿ ಎಲುಬೇ ಮುರಿದರೆ?

ಆಗ ಮಗಳು ಸುನಿತಾ ಎಸ್ಸೆಸ್ಸೆಲ್ಸಿ. ಹಳೆಯ ವಿಜ್ಞಾನದ ಪುಸ್ತಕ ತಂದು ಅವ್ವನ ಮುಂದೆ ಹಿಡಿದಳು. ‘ಇಲ್ನೋಡವ್ವಾ, ಇದು ಬಿಜಾಗರಿ ಕೀಲು. ಸಾಬಜ್ಜ ಹೇಳಿದ್ದ ಇದರಾಗೂ ಐತಿ. ಇದು ಮುರದಿಲ್ಲ, ಬರೇ ಅಂಟಕೊಂಡೈತಿ. ಡಾಕ್ಟರ್ ಬಿಡಸ್ತಾರ. ನೀ ಅಂಜಿಕೊಂಡು ಅಪ್ಪನ ಕುಂಟನ್ನ ಮಾಡಬ್ಯಾಡ.’

ದುಂಡವ್ವ ಮಗಳ ಕೆನ್ನೆಗೆ ಬಾರಿಸಿದಳು. ಬಾರಿಸಿದ ಕೈಯಿಂದಲೇ ಗಂಡನ ಕೊರಳಲ್ಲಿದ್ದ ಲಿಂಗ ಮುಟ್ಟಿ, ‘ನೀವು ಆ ದವಾಖಾನಿ ಮೆಟ್ಟಲಾ ಹತ್ತಿದ್ರ ನಾ ಬೆಣ್ಣಿಹಳ್ಳಕ್ಕ ಬೀಳತೇನಿ’ ಎಂದಳು. ಫಕ್ಕೀರಪ್ಪ ಹತ್ತಲಿಲ್ಲ. ದುಂಡವ್ವನಿಗೆ ಗಂಡನ ಮೇಲೆ ಪ್ರೀತಿ ಕಮ್ಮಿ ಇದ್ದಿದ್ದರೆ ಆತ ನೆಟ್ಟಗೆ ನಡೆಯುತ್ತಿದ್ದನೋ ಏನೋ! ಪ್ರೀತಿಗೆ ಬುದ್ಧಿ ಹೇಳುವವರು ಯಾರು?

ಆಮೇಲಿನ ಹನ್ನೊಂದು ವರ್ಷ ಫಕ್ಕೀರಪ್ಪ ನೆಲದ ಮೇಲೆ ಕೂಡಲಿಲ್ಲ. ಮದುವೆಯಲ್ಲಿ ಪಂಕ್ತಿ ಬಿಟ್ಟು ಮೂಲೆಯ ಖುರ್ಚಿಯಲ್ಲಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದ. ಬಸ್ಸಿನಲ್ಲಿ ಕಾಲು ದಾರಿಗೆ ಚಾಚಿ, ದಾಟುವವರ ಕೈಲೆಲ್ಲ ಬೈಸಿಕೊಳ್ಳುತ್ತಿದ್ದ. ಎಲ್ಲಕ್ಕಿಂತ ಆತನಿಗೆ ನೋವಿದ್ದದ್ದು ಪೂಜೆಯದು. ಲಿಂಗವನ್ನು ಅಂಗೈಯಲ್ಲಿ ಹಿಡಿದು, ಹೊರಸಿನ ಮೇಲೆ ಕಾಲು ಚಾಚಿಕೊಂಡು ಕೂಡುವುದೆಂದರೇನು? ನಾಚಿಕೆಗೆ ಆ ಕಾಲಿನ ಮೇಲೆ ಪಂಜೆ ಹೊದಿಸುತ್ತಿದ್ದ. ದುಂಡವ್ವ ದಿನವೂ ಎಣ್ಣೆ ಕಾಸಿ ತಿಕ್ಕುತ್ತಿದ್ದಳು. ಆತ ಗೋಡೆ ನೋಡುತ್ತ ತಿಕ್ಕಿಸಿಕೊಳ್ಳುತ್ತಿದ್ದ. ಒಂದು ದಿನ ಒಂದು ಮಾತು ಅಂದವನಲ್ಲ.

ಈಗ ಹತ್ತೂವರೆ. ಕುಂದಗೋಳದಲ್ಲಿ ಸಾಲಿ ಟೀಚರ್ ಆಗಿರುವ ಸುನಿತಾಗೆ ಫೋನು ಹೋಗಿತ್ತು, ಆಕೆ ಬರಲು ಮಧ್ಯಾಹ್ನ ಮೀರುತ್ತಿತ್ತು. ಫಕ್ಕೀರಪ್ಪನ ಅಣ್ಣ ಬಸಲಿಂಗಪ್ಪ ಹೊರಸಿನ ಹತ್ತಿರ ಬಂದು ಕೆಮ್ಮಿದ. ಕೆಟ್ಟ ಮನುಷ್ಯನಲ್ಲ. ಮನೆತನದ ಮರ್ಯಾದೆಯ ಪ್ರಶ್ನೆ ಬಂದರೆ ಮಾತ್ರ ಬೇರೆ ಯಾರ ಮಾತಿಗೂ ಆತನ ಕಿವಿ ಕಿವುಡು.

‘ದುಂಡವ್ವ, ಹೊತ್ತಾಗಾಕತ್ತೈತಿ. ಕುಂಡ್ರಸಬೇಕು.’

‘ಕುಂಡ್ರಸ್ರಿ ಭಾವನವರ. ಒಂದ ಕಾಲ ಚಾಚಿ ಕುಂಡ್ರಲಿ. ಗುಂಡಿ ಒಂದೀಟು ಉದ್ದ ತಗೀರಿ.’

‘ಹಂಗ ಹೆಂಗ ಬರತೈತಿ? ನಮ್ಮ ಮನಿತನದಾಗ ಯಾರರ ಕಾಲ ಚಾಚಿ ಮಣ್ಣಾಗ್ಯಾರ? ಮಂದಿ ಏನಂದಾರು?’ ಬಸಲಿಂಗಪ್ಪ ದನಿ ತಗ್ಗಿಸಿದ. ‘ನೀ ಒಂದೀಟ ಒಳಗ ಹೋಗು. ಅವಗೇನ ತಿಳೀತೈತಿ ಈಗ?’

‘ನನಗ ತಿಳೀತೈತಲ್ರಿ’ ಎಂದಳು ದುಂಡವ್ವ. ‘ಆ ಕಾಲಿಗೆ ಯಾರರ ಒನಕಿ ಮುಟ್ಟಸಿದ್ರ ಅದ ಗುಂಡ್ಯಾಗ ನಾನೂ ಇಳೀತೇನಿ. ಮಾತ ಕೊಟ್ಟೇನಿ ನಾ.’

ಮಣ್ಣಿನ ಕಾರ್ಯ ಮಾಡಿಸಲು ಬಂದಿದ್ದ ಅಯ್ಯನವರು ಬಾಗಿಲಲ್ಲಿ ನಿಂತು ಇತ್ತ ಕೂಡಿಸಬೇಕೆಂದೂ ಹೇಳಲಿಲ್ಲ, ಅತ್ತ ಬಿಡಬೇಕೆಂದೂ ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ‘ಇಸ್ಮಾಯಿಲಸಾಬಗ ಒಮ್ಮಿ ತೋರಸ್ರಿ’ ಎಂದಷ್ಟೇ ಅಂದರು. ಅದು ದುಂಡವ್ವನಿಗೂ ಒಪ್ಪಿಗೆಯಾಯಿತು. ಸಾಬರು ಮುರಿಯುವವರಲ್ಲ. ಬಾಗದು ಎಂದು ಅವರ ಬಾಯಿಂದ ಬಂದರೆ ಬಸಲಿಂಗಪ್ಪನೂ ಸುಮ್ಮನಾಗುತ್ತಾನೆ. ಆಕೆ ಅವರನ್ನು ಕರೆಸಿದ್ದು ಬಾಗಿಸಲಿಕ್ಕಲ್ಲ, ಬಾಗುವುದಿಲ್ಲ ಎಂದು ಹೇಳಿಸಲಿಕ್ಕೆ.

ಸಾಬರಿಗೆ ಈಗ ಎಂಬತ್ತರ ಹತ್ತಿರ. ಕೈ ನಡುಗುತ್ತವೆಂದು ಕಟ್ಟುವುದನ್ನು ಬಿಟ್ಟು ಐದು ವರ್ಷವಾಗಿತ್ತು. ಬಂದವರು ಫಕ್ಕೀರಪ್ಪನ ಮುಖ ನೋಡಿ, ತುಟಿಯಲ್ಲೇ ಏನೋ ಓದಿಕೊಂಡರು. ಬಸಲಿಂಗಪ್ಪ, ಅಯ್ಯನವರು, ದುಂಡವ್ವ, ಸಾಬರು, ಇಷ್ಟು ಜನ ಬಿಟ್ಟು ಉಳಿದವರನ್ನು ಹೊರಗೆ ಕಳಿಸಿದರು. ಸಾಬರು ಮೊದಲು ಎಡಗಾಲು ಮಡಿಚಿದರು, ಅದು ಹಗುರಾಗಿ ಬಂತು. ಆಮೇಲೆ ಬಲಗಾಲಿಗೆ ಬಂದು ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳಿನಿಂದ ಮೊಣಕಾಲ ಚಿಪ್ಪನ್ನು ಆಚೆ ಒತ್ತಿದರು, ಈಚೆ ಒತ್ತಿದರು. ಚಿಪ್ಪು ಅಲುಗಾಡಿತು.

ಸಾಬರು ಕಣ್ಣು ತೆರೆದು ದುಂಡವ್ವನ ಕಡೆ ನೋಡಿ, ಕೂಡಲೇ ಮುಖ ತಿರುಗಿಸಿದರು. ‘ತಂಗಿ, ನೀ ಹೊರಗ ಹೋಗು’ ಎಂದರು.

‘ಯಾಕ್ರಿ ಕಾಕಾ?’

‘ಹೋಗವ್ವಾ.’

‘ಒಲ್ಲೆ. ನೀವರ ಮುರೀತೇರೇನು?’

‘ಇಲ್ಲ. ಮುರಿಯಂಗಿಲ್ಲ.’

ತೊಡೆಯ ಕೆಳಗೆ ಎಡಗೈ ಕೊಟ್ಟು, ಪಾದದ ಹರಡಿನ ಹತ್ತಿರ ಬಲಗೈ ಇಟ್ಟು, ತಮ್ಮ ಮೈಭಾರವನ್ನೆಲ್ಲ ನಿಧಾನವಾಗಿ ಬಿಟ್ಟರು. ಹಳೆಯ ಅರಿವೆ ಹರಿದಂಥ ಸಪ್ಪಳ ಬಂತು. ನಿಂತಿತು. ಇನ್ನೊಮ್ಮೆ ಬಂತು. ಆಮೇಲೆ ಸಪ್ಪಳವಿಲ್ಲದೆ, ಯಾವ ಹಟವೂ ಇಲ್ಲದೆ, ಫಕ್ಕೀರಪ್ಪನ ಬಲ ಮೊಣಕಾಲು ಬಾಗಿತು. ಅರ್ಧ ಬಾಗಿತು, ಪೂರಾ ಬಾಗಿತು. ಸಾಬರು ಅದನ್ನು ಎಡಗಾಲಿನ ಮೇಲೆ ತಂದು ಕೂಡಿಸಿದರು.

‘ಮುರೀತೇನ್ರಿ?’ ಎಂದಳು ದುಂಡವ್ವ.

‘ಇಲ್ಲವ್ವಾ. ಎಲುಬಿಗೆ ಏನೂ ಆಗಿಲ್ಲ. ಮುಟ್ಟಿ ನೋಡು. ಒಳಗ ಅಂಟ ಇತ್ತು, ಬಿಡ್ತು. ಜೀವ ಇದ್ದಾಗ ನೋವಿಗಿ ಮೈ ಬಿಗಿ ಹಿಡೀತೈತಿ. ಈಗ ಹಿಡಿಯಾವ ಇಲ್ಲ.’

ಅಬ್ಬಾ, ಮಾತು ಉಳಿಯಿತು ಎನಿಸಿತು ದುಂಡವ್ವನಿಗೆ. ಆ ಸಮಾಧಾನ ಒಂದು ಉಸಿರು ಬಿಡುವಷ್ಟು ಹೊತ್ತು ಇತ್ತು. ಉಸಿರು ಒಳಗೆ ಎಳೆದುಕೊಳ್ಳುವಾಗ ಇನ್ನೊಂದು ತಿಳಿಯಿತು.

‘ಹಂಗಾರ ಆವಾಗೂ ಬಾಗತಿತ್ತು.’

ಸಾಬರು ಮಡಿಚಿದ ಕಾಲಿನ ಮೇಲಿನ ಧೋತರ ಸರಿ ಮಾಡಿದರು.

‘ಆ ಡಾಕ್ಟರ್ ಹೇಳಿದ್ದು ಖರೇ ಇತ್ತು. ಹೌದಲ್ರಿ? ಸುಳ್ಳ ಹೇಳಬ್ಯಾಡ್ರಿ ಕಾಕಾ, ಹೆಣದ ಮುಂದ ಕುಂತೇರಿ.’

‘ಬಾಗತಿತ್ತವ್ವಾ’ ಎಂದರು ಸಾಬರು. ಅವರ ಗಡ್ಡ ತೊಯ್ದಿತ್ತು. ‘ಮೊದಲ ವರ್ಷ ಆಗಿದ್ರ ಅಗದಿ ಹಗರಕ ಬಾಗತಿತ್ತು. ಆದ್ರ ತಪ್ಪು ನಿಂದಲ್ಲ. ಅಳೂದು ನಿನ್ನ ಕೆಲಸ ಇತ್ತು, ನೀ ಅತ್ತಿ. ಕಟ್ಟಬಾರದು ಅನ್ನೂದು ನನ್ನ ಕೆಲಸ ಇತ್ತು. ನಾ ಕಟ್ಟಿದ್ನಿ.’

ಮುದುಕರು ಪಾಪ ತಮ್ಮ ಪಾಲಿನ ಭಾರ ತಾವು ಹೊತ್ತರು. ದುಂಡವ್ವನ ಭಾರ ಅದರಿಂದ ಒಂದು ಗುಂಜಿಯೂ ಇಳಿಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಆಕೆಯೇ ಎಷ್ಟೋ ಮಂದಿಗೆ ಆಡಿ ತೋರಿಸಿದ್ದಳು. ಈಗ ಆ ಮಾತು ತನಗೇ ಬಂದು ತಾಗಿತು.

ಫಕ್ಕೀರಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಹೊಸ ಧೋತರ, ರುಮಾಲು, ಕೊರಳಿಗೆ ಸೇವಂತಿಗೆ ಮಾಲೆ. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು, ಆತ ಹನ್ನೊಂದು ವರ್ಷದಲ್ಲಿ ಮೊದಲ ಸಲ ನೆಲದ ಮೇಲೆ ಕೂತ. ಭಜನೆಯವರು ತಾಳ ಹಿಡಿದು ಬಂದರು. ಮಣ್ಣಿಗೆ ಬಂದ ಮಂದಿ ಒಬ್ಬೊಬ್ಬರಾಗಿ ಹೊಸ್ತಿಲು ದಾಟಿ ನೋಡಿ ಬೆರಗಾದರು.

‘ಎಷ್ಟ ಚಂದ ಕುಂತಾನ ನೋಡ್ರಿ!’

‘ಕಾಲು ಮಡಚೇತೆಲ್ಲೋ! ದೇವರು ದೊಡ್ಡಾವ.’

‘ಪೂಜಿಗೆ ಕುಂತಂಗ ಕುಂತಾನ, ಹೌದಲ್ಲ ದುಂಡವ್ವ?’

‘ಹೌದ್ರಿ’ ಎಂದಳು ದುಂಡವ್ವ. ಬಂದವರೆಲ್ಲ ಅದನ್ನೇ ಕೇಳಿದರು. ಎಲ್ಲರಿಗೂ ಹೌದ್ರಿ ಎಂದಳು. ಗಂಡನ ಮುಖ ನೋಡಬೇಕೆಂದರೆ ಕಣ್ಣು ಮೊಣಕಾಲಿನಿಂದ ಮೇಲೇಳುತ್ತಿರಲಿಲ್ಲ. ಹೀಗೆ ಕೂತು ಉಣ್ಣಬಹುದಿತ್ತು. ಹೀಗೆ ಕೂತು ಹೊಲದ ಬದುವಿನ ಮೇಲೆ ನಾಲ್ಕು ಮಾತಾಡಬಹುದಿತ್ತು. ಮಗಳ ಮದುವೆಯಲ್ಲಿ ಧಾರೆ ಎರೆಯುವಾಗ ಎಲ್ಲರ ಹಾಗೆ ಮಣೆಯ ಮೇಲೆ ಕೂಡಬಹುದಿತ್ತು. ಅವತ್ತು ಮಂಟಪದಲ್ಲಿ ಖುರ್ಚಿ ಹಾಕಿಸಿಕೊಂಡು ಕೂತಿದ್ದನ್ನು ನೋಡಿ ಬೀಗರ ಕಡೆಯವರು ನಕ್ಕಿದ್ದರು. ಆತ ತಾನೂ ನಕ್ಕಿದ್ದ.

ಎರಡೂವರೆ ಸುಮಾರಿಗೆ ಸುನಿತಾ ಬಂದಳು. ಓಡುತ್ತ ಬಂದವಳು ಪಡಸಾಲೆಯ ಬಾಗಿಲಲ್ಲಿ ಗಕ್ಕನೆ ನಿಂತಳು. ಅಪ್ಪನ ಮುಖ ನೋಡಿದಳು, ಮಡಿಚಿದ ಕಾಲು ನೋಡಿದಳು. ಅಪ್ಪನ ಅಂಜಿಕೆ ಆಕೆಗೂ ಗೊತ್ತಿತ್ತು. ಅವ್ವನ ಬಾಜು ಕುಸಿದು, ‘ಅವ್ವಾ, ಅಪ್ಪನ ಕಾಲು ಮುರದ್ರೇನು?’ ಎಂದಳು.

ದುಂಡವ್ವನ ನಾಲಿಗೆಯ ತುದಿಗೆ ಹೂಂ ಬಂದಿತ್ತು. ಹೂಂ ಎಂದರೆ ಸಾಕು, ಮಗಳು ದೊಡ್ಡಪ್ಪನ ಮೇಲೆ ಹರಿಹಾಯುತ್ತಾಳೆ, ಅಳುತ್ತಾಳೆ, ಮುಗಿಯುತ್ತದೆ. ಹನ್ನೊಂದು ವರ್ಷದ ಹಿಂದಿನ ಪುಸ್ತಕ, ಆ ಏಟು, ಯಾವುದೂ ಮೇಲೇಳುವುದಿಲ್ಲ. ಬಸಲಿಂಗಪ್ಪ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ. ದೂರು ಹೊರಲು ತಕ್ಕ ಮನುಷ್ಯನೇ. ಆದರೆ ಅಂಥ ಸುಳ್ಳು ಹೇಳಲು ಆಕೆಗೆ ಬರಲಿಲ್ಲ.

‘ಇಲ್ಲವ್ವಾ, ಮುರೀಲಿಲ್ಲ. ಸಾಬಜ್ಜ ಬಾಗಿಸಿದ. ಬಾಗಿತು’ ಎಂದಳು. ‘ನೀ ಅಂದದ್ದ ಖರೇ ಇತ್ತು ಸುನಿತಾ. ಬರೇ ಅಂಟಕೊಂಡಿತ್ತು. ನಾ ನಿನ್ನ ಬಡದ್ನಿ. ನಿಮ್ಮಪ್ಪನ್ನ ನಾನ ಕುಂಟನ್ನ ಮಾಡಿದ್ನಿ. ಬೈ ನನಗ. ಏನರ ಅನ್ನು.’

ಸುನಿತಾ ಅವ್ವನ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಅವ್ವನಿಗೆ ಸಮಾಧಾನ ಆದೀತೆಂದು ತಿಳಿದು, ಹೇಳಬಾರದ್ದನ್ನು ಹೇಳಿದಳು.

‘ಅಪ್ಪಗ ನಿನ್ನ ಮ್ಯಾಲೆ ಸಿಟ್ಟ ಇದ್ದಿದ್ದಿಲ್ಲವ್ವಾ. ಅಪ್ಪಗ ಗೊತ್ತಿತ್ತು.’

‘ಏನ ಗೊತ್ತಿತ್ತು?’

‘ಎರಡು ವರ್ಷದ ಹಿಂದ ನಮ್ಮನಿಗಿ ಬಂದಿದ್ನಲ್ಲ, ಎಂಟ ದಿನಾ ಇದ್ದ. ನಾನ ಹುಬ್ಬಳ್ಳಿಗೆ ಕರಕೊಂಡ ಹೋಗಿ ತೋರಸಿದ್ನಿ. ಎಕ್ಸ್‌ರೇ ತಗದ್ರು. ಕೀಲಿನ ಎಲುಬು ಒಂದಕ್ಕೊಂದು ಬೆಸದಿಲ್ಲ, ಈಗೂ ಬಾಗಸಾಕ ಬರತೈತಿ, ಒಂದೂವರೆ ತಿಂಗಳ ವ್ಯಾಯಾಮ ಮಾಡಿದ್ರ ಕುಂಡ್ರತಾನ ಅಂದ್ರು. ತಾರೀಖೂ ಕೊಟ್ಟಿದ್ರು. ಅಪ್ಪ ಹೊರಗ ಬಂದಾವ ಒಲ್ಲೆ ಅಂದುಬಿಟ್ಟ.’

‘ಯಾಕ?’

‘ಈಗ ಬಾಗಿದ್ರ, ಇಷ್ಟ ವರ್ಷ ಸುಮ್ಮನ ಹೋದೂ ಅಂತ ನಿಮ್ಮವ್ವಗ ತಿಳದಬಿಡತೈತಿ, ಆಕಿ ಎದಿ ಒಡಕೊಂಡ ಸಾಯತಾಳ, ಹಿಂಗ ಇರಲಿ ಬಿಡು ಅಂದ. ನಿನಗ ಹೇಳಬಾರದಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡ.’

ಭಜನೆಯವರು ಒಂದು ಪದ ಮುಗಿಸಿ ತಾಳ ಕೆಳಗಿಟ್ಟಿದ್ದರು. ಅಂಗಳದಲ್ಲಿ ಹೆಣ ಕೂಡಿಸಿ ಹೊರುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದವರೂ ಕೈ ನಿಲ್ಲಿಸಿದರು. ದುಂಡವ್ವ ಎದ್ದು, ಗಂಡನ ಎದುರಿಗೆ ಹೋಗಿ, ಆತನ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಇಬ್ಬರ ಮೊಣಕಾಲೂ ಒಂದಕ್ಕೊಂದು ತಾಗಿದವು. ಬೆಳಗಿನಿಂದ ಮೊದಲ ಸಲ ಆತನ ಮುಖವನ್ನು ನೆಟ್ಟಗೆ ನೋಡಿದಳು.

‘ಒಮ್ಮಿ ಬೈಬಾರದಾಗಿತ್ತೇನ್ರೀ ನನಗ? ಒಂದ ಸಲಾ ಬೈದು, ಬಾಗಿಸಿಕೊಂಡು ಬರಬಾರದಾಗಿತ್ತೇನ್ರೀ?’ ಎಂದು ಕೇಳಿದಳು. ಆಗ ದುಂಡವ್ವ ಅತ್ತಳು. ಆ ಅಳು ಕೇಳಿ ಬಸಲಿಂಗಪ್ಪ ವಿಮಾನ ಒಳಗೆ ತರುವವರನ್ನು ಕೈಯೆತ್ತಿ ತಡೆದ.